ಸೊಂಟದ ಮಟ್ಟ ನೀರು

ಹಲಗೆ ನೀರಿನ ಮೇಲೆ ಬಂತು. ಹುಲಿಗೇಶ ಬರಲಿಲ್ಲ.

ಮರಳಿನಲ್ಲಿ ಕೂತಿದ್ದ ಶಶಿಕಲಾ ದಡಬಡಿಸಿ ಎದ್ದಳು. ನೀರನ್ನೇ ನೋಡುತ್ತ ನಿಂತಳು. ಗಂಡನಿಗೆ ಈಜು ಬಾರದು. ಇವಳಿಗೂ ಬಾರದು.

"ಕೂತ್ಕೊಳ್ಳಿ ಅಕ್ಕ, ಎಂತ ಆಗುದಿಲ್ಲ," ಎಂದಳು ಹಲಗೆ ಬಾಡಿಗೆಗೆ ಕೊಡುವ ಹೆಂಗಸು. "ಸೊಂಟದ ಮಟ್ಟ ನೀರು. ಹಲಗೆ ಹತ್ತಿ ಅಲೆ ಮೇಲೆ ನಿಲ್ಲಲು ಹೊಸದಾಗಿ ಕಲಿಯುವವರೆಲ್ಲ ಇಲ್ಲಿಗೇ ಬರುವುದು."

ಅಷ್ಟರಲ್ಲಿ ತಲೆ ಕಂಡಿತು. ಹುಲಿಗೇಶ ಕೆಮ್ಮುತ್ತ, ನಗುತ್ತ ಎದ್ದು ನಿಂತ. ನೀರು ನಿಜಕ್ಕೂ ಸೊಂಟದ ಮಟ್ಟವೇ ಇತ್ತು. ಶಶಿಕಲಾ ಕುಸಿದು ಕೂತಳು.

ಮಾನ್ವಿಯಲ್ಲಿ ಶಾಲೆ ಟೀಚರು, ಹುಟ್ಟಿದ್ದು ದೇವಸುಗೂರಿನಲ್ಲಿ. ಪಾಪ, ಸಮುದ್ರದ ಸಂಗತಿ ಅವಳಿಗೇನು ಗೊತ್ತು? ಈಜು ಬಲ್ಲ ಗಟ್ಟಿಗರನ್ನೇ ಕೃಷ್ಣೆ ಎಳೆದುಕೊಂಡು ಹೋದ ಮಾತು ಕೇಳುತ್ತ ಬೆಳೆದವಳು. ಹೊಳೆಯೇ ಹಾಗಾದರೆ, ಆಚೆ ದಡವೇ ಕಾಣದ ಈ ನೀರು ಇನ್ನೆಂಥದಿರಬೇಡ? ಬೆಳಿಗ್ಗೆ ಕಲಿಸುವವನ ಬೆನ್ನು ಬಿದ್ದು ಕೇಳಿದ್ದಳು: "ಆಳ ಎಷ್ಟು ಅದರೀ? ಸೆಳವು ಅದ ಏನ್ರೀ? ನಿಮ್ಮ ಕೈ ತಪ್ಪಿದ್ರ ಹೆಂಗ್ರೀ?" ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಅವನು ಹುಲಿಗೇಶನಿಗೆ ಹೇಳಿ ನಕ್ಕಿದ್ದ.

ಮತ್ತೊಂದು ಅಲೆ. ಹುಲಿಗೇಶ ಮತ್ತೆ ಬಿದ್ದ. ಶಶಿಕಲಾ ಕಣ್ಣು ಮುಚ್ಚಿಕೊಂಡಳು. "ಯಪ್ಪಾ ಸೂಗೂರೇಶ್ವರಾ, ಈ ಸಲ ನನ್ನ ಕೈ ಬಿಡಬ್ಯಾಡೋ."

"ಕಾಲಿಗೆ ಹಗ್ಗ ಉಂಟಲ್ಲ, ಅದು ಹಲಗೆಗೆ ಕಟ್ಟಿದ್ದು. ಎಷ್ಟು ಬಿದ್ದರೂ ಹಲಗೆ ಕೈಗೆ ಸಿಗ್ತದೆ," ಎಂದಳು ಹೆಂಗಸು. ಹಾಗೇ ಕೆಳಗೆ ನೋಡಿದಳು. "ನಿಮ್ಮ ಮಣಿಕಟ್ಟು ಯಾಕೆ ಊದಿದೆ?"

"ಬಚ್ಚಲದಾಗ ಜಾರಿದ್ದೆ," ಎನ್ನುತ್ತ ಶಶಿಕಲಾ ಸೆರಗು ಎಳೆದುಕೊಂಡಳು. ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕೂತು ನೋಡುವುದಷ್ಟೇ.

ಬಿಸಿಲೇರುವ ಹೊತ್ತಿಗೆ ಹುಲಿಗೇಶ ಹಲಗೆಯ ಮೇಲೆ ನೆಟ್ಟಗೆ ನಿಂತ. ಅಲೆ ಅವನನ್ನು ಮೆಲ್ಲಗೆ ತಂದು ದಂಡೆಗೆ ಬಿಟ್ಟಿತು. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. ಶಶಿಕಲಾ ಬಿಕ್ಕಿ ಬಿಕ್ಕಿ ಅತ್ತಳು.

"ಬಂದ್ರಲ್ಲ ಅಕ್ಕ, ಇನ್ನು ಅಳುದ್ಯಾಕೆ?"

"ನಮ್ಮಾಕಿಗೆ ನನ್ನ ಮ್ಯಾಲೆ ಭಾಳ ಜೀವ ನೋಡ್ರಿ," ಎಂದ ಹುಲಿಗೇಶ. ನಾಲ್ಕು ಜನರೆದುರು ಅವನು ಬಂಗಾರದಂಥ ಮನುಷ್ಯ. "ಸಮುದ್ರಕ್ಕ ಹೋಗೂಣು ಅಂತ ಹಟ ಹಿಡಿದು ಕರ್ಕೊಂಡು ಬಂದಾಕಿನೂ ಇಕೀನ."

ಹೆಂಗಸು ಹಲಗೆ ಹೊತ್ತು ಅತ್ತ ಹೋದಳು. ಎಬ್ಬಿಸುವವನಂತೆ ಅವನು ಶಶಿಕಲಾಳ ಊದಿದ ಮಣಿಕಟ್ಟನ್ನೇ ಹಿಡಿದ. ಹಿಡಿತ ಬಿಗಿಯಾಯಿತು, ದನಿ ತಗ್ಗಿತು.

"ಮಂದಿ ಮುಂದ ಅಳ್ತಿ? ಮನಿ ಮುಟ್ಟಲಿ, ತೋರಿಸ್ತೀನಿ ನಿನಗ. ನಡಿ, ಬಸ್ಸಿಗೆ ಹೊತ್ತಾತು. ಕಿಟಕಿ ಸೀಟು ನಂದು."

ರಾಯಚೂರಿಗೆ ವಾಪಸು ಬಸ್ಸಿನಲ್ಲಿ ಶಶಿಕಲಾ ಬುಕ್ ಮಾಡಿದ್ದು ಒಂದೇ ಸೀಟು.