ಮೂರು ಪುಟದ ನೋಟಿಸು

ವಕೀಲ ಪಂಚಾಕ್ಷರಯ್ಯನವರಿಗೂ ಅವರ ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೂ ಎಣ್ಣೆ ಸೀಗೆಕಾಯಿ. ಅವರು ಮುಟ್ಟಿದರೆ ಸಾಕು, ಪರದೆಯ ಮೇಲಿನ ಬಾಣ ಮೈಮೇಲೆ ದೇವರು ಬಂದಂತೆ ಕುಣಿಯುತ್ತಿತ್ತು. ಬದಲಿಗೆ ತಂದ ಮೌಸ್ ಕಡತಗಳ ರಾಶಿಯಲ್ಲಿ ಕಳೆದುಹೋಯಿತು. ಆಮೇಲೆ, ಗುಂಡು ಉರುಳಿಸಿ ಬಾಣ ಓಡಿಸುವ ಟ್ರ್ಯಾಕ್‌ಬಾಲ್ ತಂದರು; ಅದರ ಗುಂಡು ಬೀರುವಿನಡಿಗೆ ಉರುಳಿಹೋಯಿತು. ಕೊನೆಗೆ ರೇಗಿ, ನೋಟಿಸು ಬರೆದು, ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು, ಅದನ್ನು ಮಾರಿದ ಅಂಗಡಿಗೇ ನುಗ್ಗಿದರು.

"ಸರಿಯಾಗಿ ಕೇಳಿಸ್ಕೊಳ್ಳಮ್ಮ," ಎಂದು ಅಂಗಡಿಯಾಕೆಯ ಎದುರು ನಿಂತು ಓದತೊಡಗಿದರು.

ಮೊದಲ ಪುಟದಲ್ಲಿ ಮಾನಸಿಕ ಯಾತನೆ. ಬೆರಳನ್ನು ನಾಲಿಗೆಗೆ ಒತ್ತಿ ಹಾಳೆ ತಿರುವಿದರು. ಎರಡನೆಯದರಲ್ಲಿ ವೃತ್ತಿಗೌರವಕ್ಕೆ ಆದ ಧಕ್ಕೆ. ಮತ್ತೆ ನಾಲಿಗೆ, ಮತ್ತೆ ಹಾಳೆ. ಮೂರನೆಯದರಲ್ಲಿ ಗ್ರಾಹಕರ ನ್ಯಾಯಾಲಯ. ಓದಿ ಮುಗಿಸಿ, ನೋಟಿಸನ್ನು ಆಕೆಯ ಕೈಗಿತ್ತು, "ಈಗ ನೀನೇ ನೋಡಮ್ಮ," ಎಂದು ಅದೇ ಬೆರಳನ್ನು ಟಚ್‌ಪ್ಯಾಡಿನ ಮೇಲಿಟ್ಟರು. ಬಾಣ ಕುಣಿಯಿತು.

ಆಕೆ ಒಂದು ಒಣಬಟ್ಟೆ ಮುಂದೆ ಚಾಚಿದಳು. "ಬೆರಳು ಒರೆಸ್ಕೊಂಡು ಮುಟ್ಟಿ ಸಾರ್. ಒದ್ದೆ ಕೈ ಇದಕ್ಕೆ ಆಗಲ್ಲ."

ಒರೆಸಿಕೊಂಡು ಮುಟ್ಟಿದರು. ಬಾಣ ಹೇಳಿದಲ್ಲಿಗೆ ಹೋಗಿ, ಹೇಳಿದಲ್ಲೇ ನಿಂತಿತು.

ಪಂಚಾಕ್ಷರಯ್ಯ ಗಂಟಲು ಸರಿಮಾಡಿಕೊಂಡರು. "ಆ ನೋಟಿಸು ಸ್ವಲ್ಪ ಇಲ್ಲಿ ಕೊಡಮ್ಮ. ಎಲ್ಲೋ ಒಂದು ಕಾಮಾ ಬಿಟ್ಟುಹೋಗಿದೆ."