ನೀಲವ್ವನ ಮೊಣಕಾಲು

ಮುಂಜಾನೆ ಎದ್ದೊಡನೆ ನೀಲವ್ವನ ಬಲ ಮೊಣಕಾಲು ದಿನದಂತೆ ಕೇಳಿತು: “ಹೊಸ ಅಪ್‌ಡೇಟ್ ಲಭ್ಯವಿದೆ. ಅಳವಡಿಸಲೇ?”

“ನಾಳಿಗಿ ನೋಡೂಣು,” ಎಂದಳು ನೀಲವ್ವ, ಎರಡು ವರ್ಷದಿಂದ ಹೇಳುತ್ತ ಬಂದಂತೆ.

“ಹಾಕ್ಸಿಬಿಡ ಅಕ್ಕಾ. ನನ್ನ ಮೊಣಕಾಲಿಗೂ ಹಾಕ್ಸಿದಾಗಿಂದ ನೋವ ಇಲ್ಲ,” ಎಂದಳು ನೆಗೆಣ್ಣಿ ಗೌರವ್ವ, ಮೈದುನನ ಹೆಂಡತಿ.

ಆಪರೇಷನ್ ಮಾಡಿ ಕೂರಿಸಿದ ಕಂಪನಿಯ ಮೊಣಕಾಲು ಕುರ್ಚಿಯಲ್ಲಿ ಕೂರುವಷ್ಟೇ ಮಡಚುತ್ತಿತ್ತು. ನೆಲದಲ್ಲಿ ಒಲೆಯ ಮುಂದೆ ಕೂತು ಬಡಿದದ್ದೇ ರೊಟ್ಟಿ, ನಿಂತು ಬಡಿದದ್ದಕ್ಕೆ ಬೇರೆ ಹೆಸರಿಡಬೇಕು ಎನ್ನುವವಳು ನೀಲವ್ವ. ಅಪ್‌ಡೇಟ್ ಹಾಕಿದರೆ, ಅದಕ್ಕಿಂತ ಹೆಚ್ಚು ಮಡಚದಂತೆ ಕಂಪನಿ ಹಾಕಿದ ಬೀಗ ಇನ್ನಷ್ಟು ಬಿಗಿಯಾಗುತ್ತದೆ, ಹಳೆಯದರಲ್ಲೇ ಇದ್ದರೆ ಎಂದಾದರೂ ತೆಗೆಯಬಹುದು ಎಂದಿದ್ದ, ವಾಚು, ಮೊಬೈಲು, ಮೊಣಕಾಲು ರಿಪೇರಿ ಮಾಡುವ ಮಾಬೂಸಾಬ. ಆ ಮಾತು ನಂಬಿ ಅವಳು ನೋವು ನುಂಗಿಕೊಂಡಿದ್ದಳು.

ಅವತ್ತು ಅವನೇ ವೈರು ಹಿಡಿದು ಬಂದ. ಮೊಣಕಾಲಿಗೆ ಸಿಕ್ಕಿಸಿ ಏನೇನೋ ಒತ್ತಿದ. ನೀಲವ್ವ ಗೋಡೆ ಹಿಡಿದು ಮೆಲ್ಲಗೆ ಇಳಿದಳು; ಕುರ್ಚಿಯ ಎತ್ತರ ದಾಟಿ ಇನ್ನೂ ಇಳಿದಳು. ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

“ಸದ್ಯ ಕೂಡೂದಷ್ಟ ಸಿಕ್ಕೈತಿ ಅಕ್ಕಾ,” ಮಾಬೂಸಾಬ ತಲೆ ಕೆರೆದುಕೊಂಡ. “ಏಳೂದು ಇನ್ನೂ ಹುಡುಕಾಕತ್ತೀವಿ.”

ನೀಲವ್ವ ಹಿಟ್ಟಿನ ಪರಾತವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಹುಡುಕು. ಅಷ್ಟರಾಗ ಒಂದ್ ಬುಟ್ಟಿ ರೊಟ್ಟಿ ಆಗ್ತಾವ.”