ದಾಸೋಹದ ರೊಟ್ಟಿಯ ಗಂಟು

ಅನ್ನವಿಕ್ಕಿದ ಕೈಗಳಿಗೆ ಮೊದಲ ಶರಣು. ಎಳ್ಳು ಹಚ್ಚಿದ ಖಡಕ್ ರೊಟ್ಟಿಯ ವಾಸನೆ ಬಂದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಶಾಲೆಯ ಸೂಟಿಯಲ್ಲಿ ಅಜ್ಜಿ, ಕಾಕಾ ಮತ್ತು ನಾನು ಆಲಮಟ್ಟಿ ಅಣೆಕಟ್ಟು ನೋಡಲು ಹೊರಟಿದ್ದೆವು. ದಾರಿಯ ಮಠದಲ್ಲಿ ಪ್ರಸಾದ ಸ್ವೀಕರಿಸಿದ ಮೇಲೆ ಕಾಕಾ, ಊರ ಹೆಂಗಸರು ದಾಸೋಹಕ್ಕೆಂದು ತಂದಿಟ್ಟ ರೊಟ್ಟಿಗಳನ್ನು ಯಾರಿಗೂ ಹೇಳದೆ ಗಂಟು ಕಟ್ಟಿಕೊಂಡನು. ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿ ಅದನ್ನು ಕಂಡಳು.

“ಹೋಟೆಲ್ ಖರ್ಚು ಉಳೀತೈತಿ, ಯವ್ವಾ,” ಎಂದನು ಕಾಕಾ.

“ಡ್ಯಾಂ ನೋಡಾಕ ರೊಕ್ಕ ಐತಿ, ತಿನ್ನಾಕ ಇಲ್ಲೇನು? ಹಸಿದು ಬಂದವರ ರೊಟ್ಟಿ ಅದು. ಹೊಳ್ಳಿ ನಡಿ!”

“ಇದ ಕಡೀ ಬಸ್ಸು!”

“ಹೋಗ್ಲಿ ಬಿಡು!”

ಬಸ್ಸು ಹೋಯಿತು. ಅಜ್ಜಿಯ ಮೇಲಿನ ಸಿಟ್ಟಿಗೆ ನಾನು ನೆಲ ಒದ್ದು ಅತ್ತೆನು. ಆಕೆ ನಮ್ಮನ್ನು ಮಠಕ್ಕೆ ಮರಳಿ ಕರೆದೊಯ್ದು, ರೊಟ್ಟಿಯ ಗಂಟು ಒಪ್ಪಿಸಿ, ಅಲ್ಲಿನ ಅಡುಗೆಮನೆಯಲ್ಲಿ ಕಾಕಾನನ್ನೂ ನನ್ನನ್ನೂ ಪಾತ್ರೆ ತಿಕ್ಕಲು ಕೂರಿಸಿದಳು.

ರೊಟ್ಟಿ ಬಡಿದವರಿಗೂ, ಕದ್ದ ಕಾಕಾನಿಗೂ, ಬಸ್ಸು ತಪ್ಪಿಸಿದ ಅಜ್ಜಿಗೂ ಶಿವನು ಸಮನಾಗಿ ಒಳಿತು ಮಾಡಲಿ.